ಕೊಟ್ಟಿಗೆ ಬಾಗಿಲಲ್ಲೊಂದು ಸೋಪು

ಊರಿಗೆ ಹೊರಡುವ ಹಿಂದಿನ ರಾತ್ರಿ ನಾನು ತುಂಬಿದ ಬ್ಯಾಗು ನೋಡಿ ನಮ್ಮ ಯಜಮಾನರು, ‘ತವರಿಗೆ ಹೋಗ್ತಿದ್ದೀಯೋ, ಅಲ್ಲೊಂದು ಆಸ್ಪತ್ರೆ ತೆಗೀತೀಯೋ?’ ಎಂದು ಕೇಳಿದರು. ಎರಡು ಬಾಟಲಿ ಸ್ಯಾನಿಟೈಸರ್, ಮೂರು ಪ್ಯಾಕೆಟ್ ಒದ್ದೆ ಟಿಶ್ಯೂ, ಮಗಳ ಅಳತೆಯ ಮಾಸ್ಕು, ಜ್ವರದ ಸಿರಪ್ಪು, ಓಆರ್‌ಎಸ್ ಪೊಟ್ಟಣ. ನನಗೆ ನಗು ಬರಲಿಲ್ಲ. ಮಗಳಿಗೆ ನಾಲ್ಕು ವರ್ಷ. ಹಿಂದಿನ ಮಳೆಗಾಲದಲ್ಲಿ ವಾಂತಿ, ಭೇದಿಯಾಗಿ ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದಳು. ಆ ಪುಟ್ಟ ಕೈಯಲ್ಲಿ ನರ ಸಿಗದೆ ನರ್ಸಮ್ಮ ಮೂರು ಸಲ ಸೂಜಿ ಚುಚ್ಚಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅದಾದ ಮೇಲೆ ಎರಡು ಹಬ್ಬಕ್ಕೆ ಏನೇನೋ ನೆಪ ಹೇಳಿ ಊರಿಗೆ ಹೋಗುವುದನ್ನೇ ತಪ್ಪಿಸಿಕೊಂಡಿದ್ದೆ.

ನಮ್ಮದು ತಿಪಟೂರು ಕಡೆಯ ಹಳ್ಳಿ. ತೆಂಗಿನ ತೋಟ, ಎರಡು ಸೀಮೆಹಸು, ಒಂದು ಎಮ್ಮೆ, ನಾಲ್ಕು ಕುರಿ, ಲೆಕ್ಕವಿಲ್ಲದಷ್ಟು ಕೋಳಿ. ಬೆಳಗ್ಗೆ ಎದ್ದು ಸಗಣಿ ಬಾಚಿ, ಕೈಕಾಲು ತೊಳೆದುಕೊಂಡು ಶಾಲೆಗೆ ಓಡುತ್ತಿದ್ದವಳು ನಾನು. ಅದೇ ಕೊಟ್ಟಿಗೆಯ ಮುಂದೆ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಒಳಗೆ ಕಾಲಿಡಲು ಹೆದರಿ ನಿಂತುಬಿಟ್ಟೆ.

ಮೊದಲ ದಿನ ‘ಮುಟ್ಟಬೇಡ’ ಎಂದು ಎಷ್ಟು ಸಲ ಹೇಳಿದೆನೋ. ಸಂಜೆ ಹೊತ್ತಿಗೆ ಮಗಳು ಕರು ಕಂಡರೆ ತಾನೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವಂತಾದಳು. ‘ಅಮ್ಮಾ, ಕರು ಕೊಳಕಾ?’ ಎಂದಳು. ಹಿಂಡಿ ಕಲಸುತ್ತಿದ್ದ ಅವ್ವನ ಕಿವಿಗೆ ಅದು ಬಿತ್ತು. ಏನೂ ಹೇಳಲಿಲ್ಲ, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಮಾರನೆಯ ಬೆಳಗ್ಗೆ ಆಗಬೇಕಾದ ಜಗಳ ಆಯಿತು. ಅವ್ವ ಹಾಲು ಕರೆದು, ಲೋಟದಲ್ಲಿ ನೊರೆಹಾಲು ಹಿಡಿದು, ‘ಬಾ ಕಂದಾ, ಬೆಚ್ಚಗಿದೆ, ಕುಡಿ’ ಎಂದು ಮೊಮ್ಮಗಳ ಬಾಯಿಗೇ ಇಟ್ಟಳು. ನಾನು ಕಿತ್ತುಕೊಂಡೆ. ಅರ್ಧ ಲೋಟ ನೆಲಕ್ಕೆ ಚೆಲ್ಲಿತು.

‘ಕಾಯಿಸದೆ ಬೇಡ ಕಣವ್ವ.’

‘ನೀನೂ ಇದನ್ನೇ ಕುಡಿದು ಬೆಳೆದೋಳು ಕಣೇ. ಏನಾಯ್ತು ನಿಂಗೆ?’

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನನ್ನ ವಯಸ್ಸಿನ ಎಷ್ಟೋ ತಾಯಂದಿರು ಈ ಮಾತಿನ ಮುಂದೆ ಸೋತಿರುತ್ತಾರೆ.

ಅದೇ ದಿನ ಕರುವಿಗೆ ಭೇದಿ ಹತ್ತಿತು. ಅಣ್ಣ ಫೋನು ಮಾಡಿದ. ಪಶುವೈದ್ಯರು ಬೈಕಿನಲ್ಲಿ ಬಂದರು. ಮಗಳು ಒಳಗೆ ನುಗ್ಗದಿರಲೆಂದು ಒಂದು ಬಟ್ಟಲು ಕಡ್ಲೆಪುರಿ ಕೊಟ್ಟು ಕೊಟ್ಟಿಗೆಯ ಹೊಸಿಲ ಮೇಲೆ ಕೂರಿಸಿದ್ದೆ. ಅಷ್ಟರಲ್ಲೇ ಅವಳು ಕರುವಿನ ಹಗ್ಗ ಎಳೆದಾಡಿಯೂ ಆಗಿತ್ತು. ಟಿಶ್ಯೂನಿಂದ ಕೈ ಒರೆಸಿದ್ದೆನಲ್ಲ, ಇನ್ನೇನು ಭಯ ಎಂದುಕೊಂಡಿದ್ದೆ.

ಕರು ನೋಡಿ, ಔಷಧಿ ಬರೆದುಕೊಟ್ಟು ಹೊರಗೆ ಬಂದ ವೈದ್ಯರು, ‘ಸೋಪಿದ್ರೆ ಕೊಡಿ’ ಎಂದರು. ನಾನು ಮುತುವರ್ಜಿಯಿಂದ ಸ್ಯಾನಿಟೈಸರ್ ಬಾಟಲಿ ಚಾಚಿದೆ. ಅವರು ನಕ್ಕರು. ‘ಇದು ಬಸ್ಸಲ್ಲಿ ಸರಿಯಮ್ಮ. ಸಗಣಿ, ಮಣ್ಣು ಹತ್ತಿದ ಕೈಗೆ ಇದು ಸಾಲಲ್ಲ. ಕೆಲವು ಕ್ರಿಮಿಗಳು ಇದಕ್ಕೆ ಜಗ್ಗೋದೇ ಇಲ್ಲ.’ ಆಮೇಲೆ ನಲ್ಲಿಯ ಕೆಳಗೆ ಮೊಣಕೈವರೆಗೂ ನೊರೆ ಬರಿಸಿ, ಬೆರಳ ಸಂದಿ, ಉಗುರು, ಹೆಬ್ಬೆರಳ ಬುಡ, ಎಲ್ಲವನ್ನೂ ನಿಧಾನವಾಗಿ ಉಜ್ಜಿ ತೊಳೆದರು. ಮಗಳು ಬಾಯಿ ತೆರೆದು ನೋಡುತ್ತಿದ್ದಳು. ತೊಳೆಯುತ್ತಲೇ ಅವರ ಕಣ್ಣು ಬಟ್ಟಲ ಮೇಲೆ ಬಿತ್ತು.

‘ಮಗೂಗೆ ಕೊಟ್ಟಿಗೇಲಿ ತಿನ್ನೋಕೆ ಕೊಡಬೇಡಿ. ಕರು ಮುಟ್ಟಲಿ, ಬೇಡ ಅನ್ನಲ್ಲ. ಆದ್ರೆ ಭೇದಿ ಆಗ್ತಿರೋ ಈ ಕರು ಸದ್ಯಕ್ಕೆ ಬೇಡ. ಮುಟ್ಟಿದ ಕೈ ಬಾಯಿಗೆ ಹೋಗಬಾರದು, ಅಷ್ಟೇ.’

ನನ್ನ ಭಯದ ಲೆಕ್ಕಾಚಾರವೇ ತಲೆಕೆಳಗಾಗಿತ್ತು. ಗಂಜಲದ ವಾಸನೆಗೆ ಹೆದರಿದ್ದೆ, ಫ್ರಾಕಿಗೆ ಹತ್ತಿದ ಸಗಣಿಗೆ ಹೆದರಿದ್ದೆ, ಕರುವಿನ ಒರಟು ನಾಲಗೆಗೆ ಹೆದರಿದ್ದೆ. ಹೆದರಬೇಕಾದ ಕಡ್ಲೆಪುರಿ ಬಟ್ಟಲನ್ನು ಮಾತ್ರ ನಾನೇ ಕೈಯಾರೆ ಕೊಟ್ಟಿದ್ದೆ. ನಮ್ಮ ಹುಡುಗಿ ಹೆಬ್ಬೆರಳು ಚೀಪುವವಳು ಬೇರೆ.

ಆಮೇಲೆ ಆ ವೈದ್ಯರನ್ನೂ, ಬೆಂಗಳೂರಿಗೆ ಬಂದ ಮೇಲೆ ನಮ್ಮ ಮಕ್ಕಳ ಡಾಕ್ಟರನ್ನೂ ಕೇಳಿ, ಸಿಕ್ಕಿದ್ದೆಲ್ಲ ಓದಿ ತಿಳಿದುಕೊಂಡೆ. ದನ, ಕುರಿ, ಮೇಕೆಗಳ ಕರುಳಿನಲ್ಲಿ ಇರುವ ಕೆಲವು ಕ್ರಿಮಿಗಳು ಅವುಗಳಿಗೆ ಏನೂ ಮಾಡುವುದಿಲ್ಲ. ಹಸು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ಅದರ ಸಗಣಿಯ ಕಣ ಬೆರಳಿನಿಂದ ಮಗುವಿನ ಬಾಯಿಗೆ ಸೇರಿದರೆ ಭೇದಿ ಶುರುವಾಗಬಹುದು. ಇ. ಕೊಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಒ157 ಎನ್ನುವ ಒಂದು ಬಗೆ ಇದೆ. ಅದರ ಕೆಲವೇ ಕಣ ಒಳಹೊಕ್ಕರೂ ಸಾಕು, ಕಾಯಿಲೆ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಕೆಲವೊಮ್ಮೆ ಮೂತ್ರಪಿಂಡಕ್ಕೇ ಪೆಟ್ಟು ಕೊಡುತ್ತದೆ. 2009ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ, ಮಕ್ಕಳು ಪ್ರಾಣಿಗಳ ಜೊತೆ ಆಡಲೆಂದೇ ಇದ್ದ ಒಂದು ಫಾರ್ಮಿನಿಂದ ಈ ಸೋಂಕು ಹರಡಿ 93 ಜನ ಕಾಯಿಲೆ ಬಿದ್ದರು. ಅವರಲ್ಲಿ ಹೆಚ್ಚಿನವರು ಪುಟ್ಟ ಮಕ್ಕಳು.

ಇದನ್ನು ಓದಿದಾಗ ಮತ್ತೆ ಬ್ಯಾಗು ಬಿಚ್ಚಿಟ್ಟು ಮನೆಯಲ್ಲೇ ಕೂರೋಣ ಅನ್ನಿಸಿತ್ತು. ಅವ್ವನ ಪರವಾದ ಸಾಕ್ಷಿಯೂ ಇದೆ ಎಂದು ಗೊತ್ತಾದದ್ದು ಆಮೇಲೆ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ವೈದ್ಯರು, ಅಣ್ಣ ಅಕ್ಕಂದಿರು ತುಂಬಿದ ಮನೆಯ ಮಕ್ಕಳಿಗೆ ಅಲರ್ಜಿ ನೆಗಡಿ ಕಡಿಮೆ ಎಂದು ಗುರುತಿಸಿದರು. ಎಳವೆಯಲ್ಲಿ ಕ್ರಿಮಿಗಳ ಒಡನಾಟ ಇಲ್ಲದಿರುವುದೇ ಅಲರ್ಜಿಗೆ ದಾರಿ ಇರಬಹುದು ಎಂಬ ಚರ್ಚೆ ಅಲ್ಲಿಂದ ಬಲವಾಯಿತು. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳಿವೆ. ಎರಡೂ ಯುರೋಪಿನಿಂದ ಬಂದವು, ರಕ್ತಸಂಬಂಧದಲ್ಲೂ ಹತ್ತಿರ. ಆಮಿಶರದು ಮನೆಗೆ ಅಂಟಿಕೊಂಡ ಕೊಟ್ಟಿಗೆ, ಕುದುರೆ ಹೂಡುವ ಹಳೆಯ ಬೇಸಾಯ, ಹೆಚ್ಚುಕಡಿಮೆ ನಮ್ಮೂರಿನ ಹಾಗೆ. ಹಟರೈಟರದು ಮನೆಯಿಂದ ದೂರದಲ್ಲಿ ಯಂತ್ರಗಳ ದೊಡ್ಡ ಬೇಸಾಯ. ಆಮಿಶ್ ಮಕ್ಕಳಲ್ಲಿ ಆಸ್ತಮಾ ನಾಲ್ಕು ಪಟ್ಟು ಕಡಿಮೆ ಎಂದು 2016ರಲ್ಲಿ ಬಂದ ಅಧ್ಯಯನ ಹೇಳಿತು. ಕೊಟ್ಟಿಗೆಯ ದೂಳು ಮಗುವಿನ ದೇಹಕ್ಕೆ ಏನೋ ಪಾಠ ಕಲಿಸುತ್ತದೆ. ಆದರೆ ದೂಳಿನ ಜೊತೆ ಬಾಳುವುದು ಬೇರೆ, ಸಗಣಿ ಕೈಯಲ್ಲಿ ತಿನ್ನುವುದು ಬೇರೆ. ವರ್ಷವಿಡೀ ಅಲ್ಲೇ ಬೆಳೆವ ಮಗುವಿಗೂ, ರಜೆಗೆ ನಾಲ್ಕು ದಿನ ಬರುವ ನನ್ನ ಮಗಳಿಗೂ ವ್ಯತ್ಯಾಸವಿದೆ.

ಹಾಲಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಹಸಿ ಹಾಲಿನಿಂದ ಬರಬಹುದಾದ ಕಾಯಿಲೆಗಳಲ್ಲಿ ಬ್ರುಸೆಲ್ಲೋಸಿಸ್ ಒಂದು, ದನಗಳಲ್ಲಿ ಗರ್ಭ ಕಂದಿಹೋಗುವಂತೆ ಮಾಡುವುದೂ ಅದೇ. ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಅದರ ಲಸಿಕೆ ಹಾಕುತ್ತಾರೆ. ನಿಮ್ಮೂರಲ್ಲಿ ಹಾಕಿಸಿದ್ದಾರಾ ಎಂದು ಕೇಳಿ ನೋಡಿ. ಹಾಕಿಸಿದ್ದರೂ ಹಾಲು ಕುದಿಯಲೇಬೇಕು. ಬರಿಗಾಲಿನಲ್ಲಿ ತಿಪ್ಪೆ, ಬಯಲಲ್ಲಿ ಓಡಾಡಿದರೆ ಕೊಕ್ಕೆಹುಳು ಪಾದದಿಂದಲೇ ಒಳಹೊಗುತ್ತದೆ, ಚಪ್ಪಲಿ ಹಾಕಿಸಿ. ಮಲೆನಾಡಿನವರು ಕಾಡಿನಂಚಿಗೆ ಹೋಗುವ ದನಗಳ ಮೈಮೇಲಿನ ಉಣುಗಿನ ಬಗ್ಗೆಯೂ ಎಚ್ಚರದಿಂದಿರಬೇಕು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಕುರಿ, ಮೇಕೆ ಮರಿ ಹಾಕುವ ಜಾಗದಿಂದ ಬಸುರಿಯರು ದೂರವಿರುವುದು ಒಳ್ಳೆಯದು.

ತವರಿನಲ್ಲಿ ಹಸು ಇಲ್ಲದವರು ಈಗ ಬೆಂಗಳೂರಿನ ಸುತ್ತ ಟಿಕೆಟ್ಟು ಕೊಟ್ಟು ಮೊಲ, ಮೇಕೆ ತೋರಿಸುವ ತೋಟಗಳಿಗೆ ಹೋಗುತ್ತಾರೆ. ಅಂಥ ಒಂದು ಕಡೆ ನಾವೂ ಹೋಗಿದ್ದೆವು. ಮೇಕೆಗಳ ಬೇಲಿ ಪಕ್ಕದಲ್ಲೇ ಊಟದ ಮೇಜು, ನಲ್ಲಿ ಇದೆ, ಸೋಪಿಲ್ಲ. ಕೇಳಿದ್ದಕ್ಕೆ, ‘ಸ್ಯಾನಿಟೈಸರ್ ಇಟ್ಟಿದ್ದೀವಲ್ಲ ಮೇಡಂ’ ಎಂದರು. ಹಣ ಕೊಡುವ ಮೊದಲೇ ಸೋಪು ಎಲ್ಲಿದೆ ಎಂದು ಕೇಳುವುದು ಈಗ ನನಗೆ ಅಭ್ಯಾಸವಾಗಿದೆ.

ಆ ರಾತ್ರಿಯ ಮಾತಿಗೆ ಬರುತ್ತೇನೆ. ಮಗಳು ಮಲಗಿದ್ದಳು. ಅವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ, ‘ನಿನ್ನ ಬೆನ್ನ ಮೇಲೆ ಒಂದು ಗಂಡು ಹುಟ್ಟಿತ್ತು’ ಎಂದಳು. ನನಗೆ ಅಸ್ಪಷ್ಟವಾಗಿ ಗೊತ್ತಿತ್ತು, ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ‘ಒಂದೂವರೆ ವರ್ಷ ಇತ್ತು. ಭೇದಿ ಹತ್ತಿ ಮೂರೇ ದಿನಕ್ಕೆ ಹೋಯ್ತು. ಹಾಲಿಂದಲೋ, ನೀರಿಂದಲೋ, ಯಾರಿಗೆ ಗೊತ್ತು. ದೃಷ್ಟಿ ಅಂದ್ರು. ಬೆಳೆದೋರನ್ನ ಲೆಕ್ಕ ಹಿಡೀತೀವಿ, ಅಲ್ವೇನೇ?’

ನಾನು ಅವ್ವನ ಕೈ ಹಿಡಿದುಕೊಂಡು ಸುಮ್ಮನೆ ಕೂತೆ.

ಬೆಳಗ್ಗೆ ಎದ್ದು ನೋಡಿದರೆ ಕೊಟ್ಟಿಗೆ ಬಾಗಿಲ ಪಕ್ಕದ ನಲ್ಲಿಯ ಹತ್ತಿರ, ಗೋಡೆಗೆ ಮೊಳೆ ಹೊಡೆದು, ಅರ್ಧ ತೆಂಗಿನ ಚಿಪ್ಪಿನಲ್ಲಿ ಸೋಪು ಕೂರಿಸಿದ್ದಳು. ಮಗಳ ಕೈಗೆಟುಕುವ ಎತ್ತರದಲ್ಲೇ ಇತ್ತು. ಉಳಿದ ಮೂರು ದಿನ ಮಗಳು ಚಪ್ಪಲಿ ಹಾಕಿಕೊಂಡು ಹಸುಗಳಿಗೆ ಹುಲ್ಲು ಕೊಟ್ಟಳು, ಕುರಿಮರಿಯ ಕಿವಿ ಹಿಡಿದಳು, ಕೋಳಿ ಓಡಿಸಿದಳು. ನಾನು ‘ಮುಟ್ಟಬೇಡ’ ಅನ್ನಲಿಲ್ಲ. ಹೊರಗೆ ಬಂದ ಕೂಡಲೇ ಡಾಕ್ಟರ ಹಾಗೆ ಮೊಣಕೈವರೆಗೆ ನೊರೆ ಮಾಡಿಕೊಂಡು ಅವಳು ಅಜ್ಜಿಯ ಕಡೆ ತಿರುಗಿ, ‘ಉಗುರು ತೋರ್ಸಜ್ಜಿ’ ಎಂದು ಗದರುವುದು ಶುರುವಾಯಿತು. ಅಜ್ಜಿಯೂ ತೋರಿಸುತ್ತಿದ್ದಳು. ನೊರೆಹಾಲಿನ ಬದಲು ಕುದಿಸಿದ ಹಾಲನ್ನು ಎರಡು ಲೋಟಗಳಲ್ಲಿ ಎತ್ತಿ ಎತ್ತಿ ಸುರಿದು ನೊರೆ ಬರಿಸಿ ಕೊಟ್ಟಳು. ಮಗಳ ಮೂಗಿನ ಕೆಳಗೆ ಬಿಳಿ ಮೀಸೆ ಮೂಡಿತು. ಕರುವಿಗೂ ವಾಸಿಯಾಗಿ ತಾಯಿಯ ಕೆಚ್ಚಲಿಗೆ ಹಾಯತೊಡಗಿತು.

ಕಳೆದ ವಾರ ಅವ್ವ ಫೋನು ಮಾಡಿದ್ದಳು. ಹಸು ಗಬ್ಬ ನಿಂತದ್ದು, ಕೊಬ್ಬರಿ ರೇಟು, ಅಣ್ಣನ ಬೆನ್ನುನೋವು ಎಲ್ಲ ಹೇಳಿ ಕೊನೆಗೆ ನೆನಪು ಮಾಡಿಕೊಂಡಳು: ‘ಆ ಹಾಳು ಕಾಗೆ ಇನ್ನೊಂದು ಸೋಪು ಹೊತ್ಕೊಂಡು ಹೋಯ್ತು ಕಣೇ. ದಸರಾಕ್ಕೆ ಬರುವಾಗ ಮುಚ್ಚಳ ಇರೋ ಡಬ್ಬಿ ತಗೊಂಡು ಬಾ.’