ಆಟದ ಪೆಟ್ಟಿಗೆಯಿಂದ ಸ್ವಹಸ್ತದ ಗಣಕಯಂತ್ರಕ್ಕೆ

ದೂರದರ್ಶನದ ತೆರೆಗೆ ಜೋಡಿಸಿ ಆಡುವ ಕನ್ಸೋಲ್ ಎಂಬ ಪೆಟ್ಟಿಗೆಯನ್ನು ಬದಿಗಿರಿಸಿ, ಬಿಡಿಭಾಗಗಳನ್ನು ಕೊಂಡು ತಂದು ತಾವೇ ಗಣಕಯಂತ್ರವೊಂದನ್ನು ಕಟ್ಟಿಕೊಳ್ಳುವ ಹಂಬಲ ಇಂದಿನ ಅನೇಕ ತರುಣರಲ್ಲಿ ಕಂಡುಬರುತ್ತಿದೆ. ಹಿರಿಯರ ಕಣ್ಣಿಗೆ ಇದು ಒಂದು ಆಟಿಕೆಯನ್ನು ಬಿಟ್ಟು ಮತ್ತೊಂದು ದುಬಾರಿ ಆಟಿಕೆಯನ್ನು ಹಿಡಿದಂತೆ ತೋರಬಹುದು. ವಾಸ್ತವವಾಗಿ ಈ ಎರಡು ಯಂತ್ರಗಳು ಒಳಗಿನ ರಚನೆಯಲ್ಲಿ ಎಷ್ಟು ಸಮೀಪವೋ, ಹಣದ ಲೆಕ್ಕದಲ್ಲಿ ಅಷ್ಟೇ ದೂರ. ಮನೆಯ ಸಂಪಾದನೆಯಿಂದ ಅರ್ಧ ಲಕ್ಷಕ್ಕೂ ಮಿಕ್ಕ ಹಣವನ್ನು ತೆಗೆದಿಡಬೇಕಾದಾಗ ಈ ಭೇದವನ್ನು ಮೊದಲೇ ಅರಿತಿರುವುದು ಒಳಿತು.

2006ರಲ್ಲಿ ಬಂದ ಪ್ಲೇಸ್ಟೇಷನ್ 3ರೊಳಗೆ ಸೋನಿ, ತೋಷಿಬಾ, ಐಬಿಎಂ ಸಂಸ್ಥೆಗಳು ಕೂಡಿ ನಿರ್ಮಿಸಿದ ಸೆಲ್ ಎಂಬ ವಿಶಿಷ್ಟ ಪ್ರೊಸೆಸರ್ ಇದ್ದಿತು. 2013ರಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಬಂದಾಗ ಆ ಪ್ರತ್ಯೇಕತೆ ಅಳಿಯಿತು. ಎರಡರಲ್ಲಿಯೂ ಇದ್ದುದು ಸಾಮಾನ್ಯ ಗಣಕಗಳ ವಂಶಕ್ಕೇ ಸೇರಿದ ಎಎಂಡಿ ಪ್ರೊಸೆಸರ್. 2020ರ ಪ್ಲೇಸ್ಟೇಷನ್ 5ರಲ್ಲಿಯೂ ಹಾಗೆಯೇ. ಆದುದರಿಂದ ಕನ್ಸೋಲನ್ನು ಬಿಟ್ಟು ಬಂದವನು ಅಪರಿಚಿತ ನಾಡಿಗೇನೂ ಬರುವುದಿಲ್ಲ.

ಭೇದವಿರುವುದು ವ್ಯಾಪಾರದ ಕ್ರಮದಲ್ಲಿ. ಭಾರತದಲ್ಲಿ 2021ರ ಫೆಬ್ರವರಿ 2ರಂದು ಮಾರಾಟಕ್ಕೆ ಬಂದಾಗ ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿಯ ಬೆಲೆ 49,990 ರೂಪಾಯಿಗಳಾಗಿದ್ದಿತು. ಅದೇ ಶಕ್ತಿಯ ಗಣಕವನ್ನು ಅಂದು ಅಷ್ಟು ಹಣಕ್ಕೆ ಕಟ್ಟುವುದು ಸಾಧ್ಯವಿರಲಿಲ್ಲ. ಇದರ ಕಾರಣ ಗುಟ್ಟೇನೂ ಅಲ್ಲ. ಅದೇ ವರ್ಷ ಅಮೆರಿಕದಲ್ಲಿ ಎಪಿಕ್ ಮತ್ತು ಆಪಲ್ ಸಂಸ್ಥೆಗಳ ನಡುವೆ ನಡೆದ ವ್ಯಾಜ್ಯದಲ್ಲಿ ಸಾಕ್ಷ್ಯ ನುಡಿದ ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು, ತಮ್ಮ ಸಂಸ್ಥೆ ಎಕ್ಸ್‌ಬಾಕ್ಸ್ ಯಂತ್ರವನ್ನು ಎಂದೂ ಲಾಭಕ್ಕೆ ಮಾರಿಲ್ಲವೆಂದು ಹೇಳಿದರು. ಆ ನಷ್ಟ ತುಂಬುವುದು ಮಾರಾಟವಾಗುವ ಆಟಗಳ ಮೇಲಿನ ಪಾಲಿನಿಂದ ಮತ್ತು ಅಂತರ್ಜಾಲದಲ್ಲಿ ಇತರರೊಡನೆ ಆಡಲು ಕಟ್ಟುವ ಚಂದಾದಿಂದ. ಗಣಕಕ್ಕೆ ಇಂತಹ ಪೋಷಕನಿಲ್ಲ. ಪ್ರತಿಯೊಂದು ಬಿಡಿಭಾಗದ ತಯಾರಕನೂ ತನ್ನ ಲಾಭವನ್ನು ಅಂದೇ ಪಡೆಯುತ್ತಾನೆ. ಹೀಗಾಗಿ ಆರಂಭದ ವೆಚ್ಚ ಹೆಚ್ಚು. ಮುಂದಿನ ವರ್ಷಗಳಲ್ಲಿ ಆ ಚಂದಾ ಸಾಮಾನ್ಯವಾಗಿ ಇರದು, ಆಟಗಳ ಬೆಲೆಯಲ್ಲಿ ಮಾರಾಟಗಾರರ ನಡುವೆ ಪೈಪೋಟಿ ಇರುತ್ತದೆ, ಅದೇ ಯಂತ್ರ ವ್ಯಾಸಂಗಕ್ಕೂ ಒದಗುತ್ತದೆ. ಓದಿಗಾಗಿ ಹೇಗೂ ಗಣಕವೊಂದು ಬೇಕಾಗಿರುವ ಮನೆಯಲ್ಲಿ ಲೆಕ್ಕ ಸರಿಹೋಗುತ್ತದೆ. ಆಟವೊಂದೇ ಉದ್ದೇಶವಾದಲ್ಲಿ ಪೆಟ್ಟಿಗೆಯೇ ಅಗ್ಗವೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ಬೇರೆ ಬೇರೆ ತಯಾರಕರ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೆ 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಎಂಬ ಅಳತೆಯ ಕಟ್ಟಳೆ ಬಹುಮಟ್ಟಿಗೆ ಕಾರಣ. ಆಯ್ಕೆಯನ್ನು ತೆರೆಯಿಂದ ಆರಂಭಿಸಬೇಕು. 1920ಕ್ಕೆ 1080ರ ತೆರೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. 4ಕೆ ತೆರೆಯಲ್ಲಿ ಅದರ ನಾಲ್ಕು ಪಟ್ಟು. ಈ ಚುಕ್ಕೆಗಳನ್ನು ಕ್ಷಣಕ್ಷಣಕ್ಕೂ ಬರೆಯುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸವಾದುದರಿಂದ, ಚಿಕ್ಕ ತೆರೆಗೆ ತೃಪ್ತನಾದವನಿಗೆ ಸಾಧಾರಣ ಕಾರ್ಡೇ ಸಾಕು. 2023ರ ಆರ್‌ಟಿಎಕ್ಸ್ 4060 ಬಳಸುವ ಶಕ್ತಿ 115 ವ್ಯಾಟ್ ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಾಗಲಿ ಅಂತರ್ಜಾಲದಲ್ಲಾಗಲಿ ಬೆಲೆ ವಿಚಾರಿಸುವಾಗ ಎಲ್ಲರ ಗಮನ ಈ ಕಾರ್ಡಿನ ಮೇಲೆಯೇ ಇರುತ್ತದೆ. ಪವರ್ ಸಪ್ಲೈಯನ್ನು ಕೊನೆಗೆ ಉಳಿದ ಚಿಲ್ಲರೆಯಲ್ಲಿ ಕೊಳ್ಳುತ್ತಾರೆ. ಬಣ್ಣದ ದೀಪಗಳಿಗೆ ಹಣ ಸುರಿದು ಇದರಲ್ಲಿ ಉಳಿಸುವುದು ಗೋಡೆಗೆ ಚಿತ್ತಾರ ಬರೆಸಿ ತಳಪಾಯವನ್ನು ಮರೆತಂತೆ. ವಿದ್ಯುತ್ತು ಏರಿಳಿಯುವ ನಮ್ಮ ಊರುಗಳಲ್ಲಿ ಕಳಪೆ ಪವರ್ ಸಪ್ಲೈ ಕೆಟ್ಟರೆ ಉಳಿದ ಭಾಗಗಳನ್ನೂ ಸುಟ್ಟುಬಿಡಬಲ್ಲದು. ಗೋಡೆಯ ಸಾಕೆಟ್ಟಿಗೆ ಭೂಸಂಪರ್ಕ ಸರಿಯಾಗಿದೆಯೇ ಎಂಬುದನ್ನೂ ನೋಡಿಸಬೇಕು.

ಕೊಳ್ಳುವ ಕಾಲವೂ ಮುಖ್ಯ. 2021ರಲ್ಲಿ ಕ್ರಿಪ್ಟೋ ನಾಣ್ಯದ ಗಣಿಗಾರಿಕೆಯಿಂದ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಗಗನಕ್ಕೇರಿತು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಬೇಡಿಕೆಯಿಂದ ಮೆಮೊರಿಯದು ಏರಿತು. ಬಿಡಿಭಾಗಗಳ ಯಂತ್ರದಲ್ಲಿ ಒಂದು ಭಾಗವನ್ನು ಮುಂದಿನ ವರ್ಷಕ್ಕೆ ತಡೆಹಿಡಿಯುವ ಅವಕಾಶವಿದೆ.

ಜೋಡಣೆ ಭಯಪಟ್ಟಷ್ಟು ಕಠಿಣವಲ್ಲ. ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಹರಿಯಬಿಟ್ಟು, ಪ್ರೊಸೆಸರನ್ನು ಅದುಮದೆ ಅದರ ಗುರುತಿನ ಮೂಲೆಗೆ ಸರಿಯಾಗಿ ಇರಿಸಿದರೆ ಅರ್ಧ ಅಪಾಯ ಕಳೆಯಿತು. ಹೊಸಬರು ಎಡವುವುದು ಎಲ್ಲ ಮುಗಿದ ಮೇಲೆ: ತೆರೆಯ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಬದಲು ಮದರ್‌ಬೋರ್ಡಿಗೆ ಚುಚ್ಚುತ್ತಾರೆ, ಇಲ್ಲವೇ 144 ಹರ್ಟ್ಸ್‌ನ ತೆರೆಯನ್ನು ಕೊಂಡು ವಿಂಡೋಸಿನಲ್ಲಿ 60ರಲ್ಲಿಯೇ ಬಿಟ್ಟಿರುತ್ತಾರೆ. ಮೆಮೊರಿಯ ಪೂರ್ಣ ವೇಗವನ್ನು ಸಹ ಬಯಾಸ್‌ನೊಳಗೆ ಹೋಗಿ ತೆರೆಯಬೇಕಾಗುತ್ತದೆ.

ಕೊನೆಯದಾಗಿ ಹಳೆಯ ಆಟಗಳ ಮಾತು. ಪ್ಲೇಸ್ಟೇಷನ್ನಿನ ಡಿಸ್ಕುಗಳು ಗಣಕದಲ್ಲಿ ನಡೆಯವು. ಅದೇ ಆಟ ಬೇಕಾದರೆ ಮತ್ತೆ ಕೊಳ್ಳಬೇಕು. ಎಕ್ಸ್‌ಬಾಕ್ಸ್‌ನ ಅಂಗಡಿಯಿಂದ ಪಡೆದ ಕೆಲವು ಆಟಗಳಿಗೆ ಮಾತ್ರ 2016ರಿಂದ ವಿಂಡೋಸಿನಲ್ಲಿಯೂ ಆಡುವ ಹಕ್ಕು ದೊರೆಯುತ್ತಿದೆ. ಆದುದರಿಂದ ಬಹಳ ಆಟಗಳನ್ನು ಕೂಡಿಟ್ಟವರು ಪೆಟ್ಟಿಗೆಯನ್ನು ಅವಸರದಲ್ಲಿ ಮಾರದಿರುವುದು ಲೇಸು. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಮಾತ್ರ ಯುಎಸ್‌ಬಿ ತಂತಿಯಿಂದಲೋ ಬ್ಲೂಟೂತ್‌ನಿಂದಲೋ ಹೊಸ ಯಂತ್ರಕ್ಕೂ ಹೊಂದಿಕೊಳ್ಳುತ್ತದೆ. ಅದನ್ನು ಹೊಸದಾಗಿ ಕೊಳ್ಳಬೇಕಾಗಿಲ್ಲ.