ಹನಿ ಮದ್ಯ ಸಿಗದ ಊರಿಗೆ ಇಟಲಿಯ ದ್ರಾಕ್ಷಾರಸ!

ದ್ರಾಕ್ಷಾರಸದ ಚರಿತ್ರೆ ಇರುವ ಊರು ನೋಡಬೇಕೆಂದರೆ ಸ್ಪೇನಿಗೇ ಹೋಗಬೇಕು ಎಂದು ನಾನೂ ನಂಬಿಕೊಂಡಿದ್ದೆ. ಹೆರೆಸ್, ಹಾರೋ ಎಂದು ಅಲ್ಲಿನ ಊರುಗಳ ಹೆಸರು ಗುರುತು ಹಾಕಿಕೊಂಡು, ಟಿಕೆಟ್ಟಿನ ದರ ನೋಡಿ ಸುಮ್ಮನಾಗಿದ್ದೆ. ಆ ಭ್ರಮೆ ಹರಿದದ್ದು ಎಲ್ಲಿ ಗೊತ್ತೇ? ವಡೋದರಾದ ಮಂಜಲ್‌ಪುರದಲ್ಲಿ, ಅಕ್ಕನ ಮನೆಯ ಬಾಲ್ಕನಿಯಲ್ಲಿ, ಕೈಯಲ್ಲಿ ಒಂದು ಲೋಟ ಜೀರಿಗೆ ಹಾಕಿದ ಛಾಸ್ (ಮಜ್ಜಿಗೆ) ಹಿಡಿದು ಕೂತಿದ್ದಾಗ!

ಛಾಸ್ ಬಿಟ್ಟು ಇನ್ನೇನು ಸಿಗುತ್ತದೆ ಅಲ್ಲಿ? 1960ರಲ್ಲಿ ರಾಜ್ಯವಾದಂದಿನಿಂದಲೂ ಗುಜರಾತಿನಲ್ಲಿ ಪಾನನಿಷೇಧ. ಅಂಥ ನೆಲದಲ್ಲಿ ಕೂತು ‘ಪೆರಿಪ್ಲಸ್’ ಓದುತ್ತಿದ್ದೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಹೆಸರು ಹೇಳದ ಒಬ್ಬ ಗ್ರೀಕ್ ನಾವಿಕ ವ್ಯಾಪಾರಿ ಬರೆದಿಟ್ಟ ಕೈಪಿಡಿ ಅದು. ಯಾವ ರೇವಿನಲ್ಲಿ ಏನು ಮಾರಬಹುದು, ಏನು ಕೊಳ್ಳಬಹುದು ಎಂಬ ಲೆಕ್ಕ. ‘ಬರಿಗಾಜಾ’ದ ಪುಟಕ್ಕೆ ಬಂದೆ. ಬರಿಗಾಜಾ ಅಂದರೆ ಭರೂಚ್. ಮಂಜಲ್‌ಪುರದಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಸುಮಾರು 70 ಕಿ.ಮೀ. ಅಲ್ಲಿಗೆ ಹೊರಗಿನಿಂದ ಬರುವ ಸರಕಿನ ಪಟ್ಟಿಯಲ್ಲಿ ತಾಮ್ರ, ತವರ, ಸೀಸ, ಹವಳ ಎಲ್ಲವೂ ಇವೆ. ಆದರೆ ಮೊಟ್ಟಮೊದಲು ಯಾವುದಿದೆ? ದ್ರಾಕ್ಷಾರಸ! ಅದರಲ್ಲೂ ಇಟಲಿಯದ್ದಕ್ಕೆ ಮೊದಲ ಮರ್ಯಾದೆ; ಸಿರಿಯಾದ ಲಾವೊಡಿಸಿಯಾದ್ದು, ಅರಬ್ ನಾಡಿನದ್ದು ಆಮೇಲೆ. ರಾಜನಿಗೆಂದೇ ತರುತ್ತಿದ್ದ ಸರಕು ಬೇರೆ: ಬೆಳ್ಳಿಯ ಪಾತ್ರೆ, ಹಾಡುವ ಹುಡುಗರು, ಅಂತಃಪುರಕ್ಕೆ ಚೆಲುವೆಯರು, ಜೊತೆಗೆ ಒಳ್ಳೊಳ್ಳೆಯ ದ್ರಾಕ್ಷಾರಸ.

“ಏನೋ ಅದು, ಹಾಗೆ ಕೂಗ್ತೀಯ?” ಎಂದು ಅಕ್ಕ ಒಳಗಿನಿಂದ ಗದರಿದಳು. ಕೂಗದೆ ಇರುವುದು ಹೇಗೆ?

ಆ ರಸ ಬರುತ್ತಿದ್ದ ದಾರಿಯಾದರೂ ಎಂಥದ್ದು! ಜುಲೈ ಹೊತ್ತಿಗೆ ಈಜಿಪ್ಟಿನಿಂದ ಹೊರಟು, ಮಳೆಗಾಲದ ಗಾಳಿಗೆ ಹಾಯಿ ಬಿಚ್ಚಿ, ಇಡೀ ಕಡಲು ದಾಟಿ ಬಂದ ಹಡಗಿಗೆ ನಿಜವಾದ ಗಂಡಾಂತರ ಕಾದಿರುತ್ತಿದ್ದದ್ದು ನರ್ಮದೆಯ ಅಳಿವೆಯ ಹತ್ತಿರ. ಉಬ್ಬರ ನುಗ್ಗಿ ಬರುವ ರಭಸಕ್ಕೆ ಲಂಗರು ನಿಲ್ಲದು, ಇಳಿತಕ್ಕೆ ಹಡಗು ಮರಳಲ್ಲಿ ಕೂರುವುದು. ಅದಕ್ಕೇ ರಾಜನ ಸೇವೆಯಲ್ಲಿದ್ದ ಬೆಸ್ತರು ತಮ್ಮ ದೊಡ್ಡ ದೋಣಿಗಳಲ್ಲಿ ಸೌರಾಷ್ಟ್ರದ ತೀರದವರೆಗೂ ಎದುರು ಹೋಗಿ, ಆಳ ಬಲ್ಲ ಜಾಗಗಳಲ್ಲಿ ನಿಲ್ಲಿಸುತ್ತ, ಉಬ್ಬರ ಬಂದಾಗ ಎಳೆಯುತ್ತ ರೇವು ಮುಟ್ಟಿಸುತ್ತಿದ್ದರಂತೆ. ಆ ದೋಣಿಗಳ ಹೆಸರನ್ನೂ ಬರೆದಿದ್ದಾನೆ ಪುಣ್ಯಾತ್ಮ: ತ್ರಪ್ಪಗ, ಕೋಟಿಂಬ.

ಭರೂಚ್ ದೂರವಾಯಿತು ಅನ್ನುತ್ತೀರಾ? ವಡೋದರಾದ ಒಳಗೇ ಬನ್ನಿ. ವಿಶ್ವಾಮಿತ್ರಿ ನದಿಯ ಪಶ್ಚಿಮ ದಡದಲ್ಲಿ ಅಕೋಟಾ ಎಂಬ ಬಡಾವಣೆ ಇದೆ. ಅಲ್ಲಿ ಸಿಕ್ಕ ಒಂದು ಕಂಚಿನ ಹಿಡಿಯ ಮೇಲೆ ಯಾರಿದ್ದಾನೆ ಗೊತ್ತೇ? ಎರೋಸ್, ಗ್ರೀಕರ ಮನ್ಮಥ! ರೋಮನ್ ಹೂಜಿಯೊಂದರ ಹಿಡಿಯದು. ಹೂಜಿ ಕರಗಿ ಮಣ್ಣಾಗಿದೆ, ಮನ್ಮಥ ಉಳಿದಿದ್ದಾನೆ. ಅಕೋಟಾ–ಬರೋಡಾ ನೆಲದ ಪದರಗಳನ್ನು ಬಿಡಿಸಿ 1953ರಲ್ಲಿ ಪುಸ್ತಕ ಬರೆದವರು ಬಿ. ಸುಬ್ಬರಾವ್. ಅದಕ್ಕೆ ಮೊದಲು ಅವರು ಅಗೆದದ್ದು ನಮ್ಮ ಬಳ್ಳಾರಿಯ ಸಂಗನಕಲ್ಲನ್ನು!

ಇನ್ನೂ ಇದೆ, ಕೇಳಿ. ವಡೋದರಾ ಎಂಬ ಊರಿನ ಹಳೆಯ ದಾಖಲೆ ಕ್ರಿ.ಶ. 812ರ ತಾಮ್ರಶಾಸನ. ಅದನ್ನು ಬರೆಸಿದವನು ಕರ್ಕ ಸುವರ್ಣವರ್ಷ, ನಮ್ಮ ರಾಷ್ಟ್ರಕೂಟರ ಲಾಟ (ಗುಜರಾತ್) ಶಾಖೆಯವನು. ಮುಂದೆ ಬಾಲಕ ಅಮೋಘವರ್ಷನ ಸಿಂಹಾಸನ ಉಳಿಸಿಕೊಟ್ಟವನು. ಆ ಶಾಸನದಲ್ಲಿ ‘ವಡಪದ್ರಕ’ ಒಂದು ಹಳ್ಳಿ ಅಷ್ಟೇ, ಅಂಕೋಟ್ಟಕದ 84 ಹಳ್ಳಿಗಳ ಪೈಕಿ ಒಂದು. ಅಂಕೋಟ್ಟಕವೇ ಅಕೋಟಾ. ಅಂದರೆ ಮನ್ಮಥನ ಹೂಜಿ ಬಂದಿಳಿದದ್ದೇ ಅಸಲಿ ಊರು. ಇವತ್ತಿನ ಮಹಾನಗರ ಅದರ ಹಿತ್ತಿಲ ಹಳ್ಳಿ!

ರಸ ತುಂಬಿ ಬರುತ್ತಿದ್ದದ್ದು ಎರಡು ಕಿವಿಯ, ಚೂಪು ಬುಡದ ಮಣ್ಣಿನ ಆಂಫೊರಾ ಜಾಡಿಗಳಲ್ಲಿ. ಬೇಟ್ ದ್ವಾರಕಾದಲ್ಲಿ, ಸೂರತ್ ಬಳಿಯ ಕಾಮ್ರೇಜ್‌ನಲ್ಲಿ ಚೂರುಗಳು ಸಿಕ್ಕಿವೆ. ಸಿಕ್ಕಿದ್ದೆಲ್ಲ ರೋಮಿನದ್ದಲ್ಲ ಎಂಬುದನ್ನೂ ಹೇಳಿಬಿಡಬೇಕು. ಹಾಗೆ ಭಾವಿಸಿದ್ದ ಎಷ್ಟೋ ಚೂರುಗಳು ಮೆಸೊಪೊಟೇಮಿಯಾ ಕಡೆಯ ಜಾಡಿಗಳದ್ದೆಂದು ಈಚೆಗೆ ಗೊತ್ತಾಗಿದೆ. ಅವುಗಳ ಒಳಮೈಗೆ ಡಾಂಬರಿನಂಥ ಕಪ್ಪು ಲೇಪ. ಇನ್ನು ಸ್ಪೇನ್? ಅದೂ ಬಂದಿತ್ತು! ಪುದುಚೇರಿಯ ಅರಿಕಮೇಡಿನಲ್ಲಿ ಸ್ಪೇನಿನ ಆಂಫೊರಾ ಚೂರುಗಳಿವೆ. ಆದರೆ ಅವು ಹೊತ್ತು ತಂದದ್ದು ಆಲಿವ್ ಎಣ್ಣೆ, ಮೀನಿನ ಗೊಜ್ಜು.

ಇದೇ ಕಡಲ ವ್ಯಾಪಾರದ ಅಮಲು ಒಂದು ನಾಟಕಕ್ಕೂ ಏರಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಮರಳಲ್ಲಿ ಸಿಕ್ಕು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವದು. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿಟಿಯೋನ್ ಎಂಬ ಹುಡುಗಿಯನ್ನು ಬಿಡಿಸಲು ಅವಳ ಕಡೆಯವರು ಮಾಡುವ ಉಪಾಯ, ಇಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಕೆಡವುವುದು! ಅದರಲ್ಲಿ ಸ್ಥಳೀಯರು ಆಡುವ ಮಾತು ಕನ್ನಡ ಎಂದು 1904ರಲ್ಲಿ ವಿದ್ವಾಂಸ ಹುಲ್ಟ್‌ಜ್ ವಾದಿಸಿದರು. ಅವರು ಕನ್ನಡವೆಂದು ಓದಿದ್ದರಲ್ಲಿ ಪಾತ್ರೆಗೆ ಮಧು ಹಾಕುವ ಮಾತೂ ಇದೆ. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬೆನ್ನು ಹತ್ತಿದ್ದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನನಗೋ ಒಪ್ಪಿಬಿಡುವ ಆಸೆ.

ವಡೋದರಾಕ್ಕೆ ಹೋದವರು ಲಕ್ಷ್ಮೀವಿಲಾಸ ಅರಮನೆ ನೋಡಿ, ಸೇವ್ ಉಸಳ್ ತಿಂದು ರೈಲು ಹತ್ತಿಬಿಡಬೇಡಿ. 1951ರಲ್ಲಿ ಅಕೋಟಾದ ನೆಲದಿಂದ ಎದ್ದುಬಂದ ಜೈನ ಕಂಚಿನ ಮೂರ್ತಿಗಳು ಸಯಾಜಿ ಬಾಗ್‌ನ ಮ್ಯೂಸಿಯಂನಲ್ಲಿವೆ. ಅವನ್ನು ನೋಡಿಕೊಂಡು, ಒಂದು ಆಟೋ ಹಿಡಿದು ಅಕೋಟಾಕ್ಕೂ ಹೋಗಿ ಬನ್ನಿ.