ಕಿಟಕಿಯಲ್ಲಿಟ್ಟ ದೀಪ

ಯೆಹೂದ್ಯರಲ್ಲಿ ಹನುಕ್ಕಾ ಎಂಬ ದೀಪದ ಹಬ್ಬವೊಂದಿದೆ. ಸಾಮಾನ್ಯವಾಗಿ ಡಿಸೆಂಬರ್ ತಿಂಗಳಲ್ಲಿ ಬರುವ ಈ ಹಬ್ಬದ ಮೊದಲ ಸಂಜೆ ಒಂದು, ಮರುಸಂಜೆ ಎರಡು, ಹೀಗೆ ದಿನಕ್ಕೊಂದರಂತೆ ಹೆಚ್ಚಿಸುತ್ತ ಎಂಟನೆಯ ಸಂಜೆ ಎಂಟು ದೀಪಗಳನ್ನು ಬೆಳಗುತ್ತಾರೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಪರಕೀಯ ದೊರೆಯೊಬ್ಬನು ಜೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ್ದನು. ಯೆಹೂದ್ಯರು ಅದನ್ನು ಮರಳಿ ಪಡೆದು ದೀಪ ಹಚ್ಚಿದಾಗ ಒಂದು ದಿನಕ್ಕಷ್ಟೇ ಸಾಲುವಂತಿದ್ದ ಎಣ್ಣೆ ಎಂಟು ದಿನ ಉರಿಯಿತೆಂಬುದು ಅವರ ನಂಬಿಕೆ. ಆ ನೆನಪಿಗಾಗಿ ಮನೆಮನೆಯಲ್ಲಿ ಎಣ್ಣೆಯಲ್ಲಿ ಕರಿದ ತಿಂಡಿಗಳಾಗುತ್ತವೆ, ಮಕ್ಕಳು ಬುಗುರಿಯಾಡುತ್ತಾರೆ.

ಈ ದೀಪಗಳನ್ನು ಬಾಗಿಲಲ್ಲೋ ಬೀದಿಗೆ ಕಾಣುವ ಕಿಟಕಿಯಲ್ಲೋ ಇಡಬೇಕೆಂಬುದು ಶಾಸ್ತ್ರ. ಅಪಾಯದ ಕಾಲದಲ್ಲಿ ಮಾತ್ರ ಒಳಗೆ ಮೇಜಿನ ಮೇಲಿಟ್ಟರೆ ಸಾಕೆಂದು ಅದೇ ಶಾಸ್ತ್ರ ವಿನಾಯಿತಿ ನೀಡಿದೆ. ಹಬ್ಬದ ವಿಧಿಯೊಳಗೇ ಭಯಕ್ಕೊಂದು ಜಾಗ ಮಾಡಿಕೊಡಬೇಕಾಗಿ ಬಂದ ಜನಾಂಗ ಅದು! ಮಧ್ಯಯುಗದ ಯೂರೋಪಿನಲ್ಲಿ ಪ್ಲೇಗು ಬಂದಾಗ ಬಾವಿಗೆ ವಿಷವಿಕ್ಕಿದವರು ಇವರೇ ಎಂದು ಕೊಂದರು. 1492ರಲ್ಲಿ ಸ್ಪೇನಿನಿಂದ ಹೊರದೂಡಿದರು. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ನಾಟ್ಸಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು.

ನಾಟ್ಸಿಗಳು ಇನ್ನೂ ಅಧಿಕಾರಕ್ಕೆ ಬಂದಿರದ 1931ರ ಡಿಸೆಂಬರ್. ಜರ್ಮನಿಯ ಕೀಲ್ ನಗರದಲ್ಲಿ ಅಕೀವಾ ಪೋಸ್ನರ್ ಎಂಬ ರಬ್ಬಿ, ಅಂದರೆ ಯೆಹೂದ್ಯ ಧರ್ಮಗುರು, ವಾಸವಾಗಿದ್ದರು. ಅವರ ಮನೆಯೆದುರಿನ ಕಟ್ಟಡವೇ ನಾಟ್ಸಿ ಪಕ್ಷದ ಕಚೇರಿ. ಅದರ ಮೇಲೆ ಸ್ವಸ್ತಿಕ ಚಿಹ್ನೆಯ ದೊಡ್ಡ ಬಾವುಟ. ರಬ್ಬಿಯ ಮನೆಯವರು ಶಾಸ್ತ್ರದ ವಿನಾಯಿತಿಯನ್ನು ಬಳಸಿಕೊಳ್ಳಲಿಲ್ಲ. ದೀಪದ ಕಂಬವನ್ನು ಬಾವುಟಕ್ಕೆ ಎದುರಾಗಿ ಕಿಟಕಿಯಲ್ಲೇ ಇಟ್ಟರು. ಎಂಟನೆಯ ದೀಪದ ದಿನ ಶುಕ್ರವಾರ. ಅಂದು ಅವರ ಪತ್ನಿ ರಾಚೆಲ್ ಅದರ ಛಾಯಾಚಿತ್ರವೊಂದನ್ನು ತೆಗೆದರು. ಮುಂದೆ ಪುಟ್ಟ ದೀಪದ ಕಂಬ, ಹಿಂದೆ ಆ ಬಾವುಟ, ಚಿತ್ರದಲ್ಲಿರುವುದು ಇಷ್ಟೆ.

ದೀಪವೊಂದು ಹಿಟ್ಲರನನ್ನು ತಡೆಯಿತೆಂದು ಯಾರೂ ಭಾವಿಸಬಾರದು. ಶ್ರದ್ಧೆಯು ಕಣ್ಣಿಗೆ ಕಟ್ಟಿದ ಬಟ್ಟೆಯಲ್ಲ. ಬರಲಿರುವುದನ್ನು ಕಂಡ ಪೋಸ್ನರ್ ದೇಶ ಬಿಡುವಂತೆ ತಮ್ಮವರನ್ನು ಒತ್ತಾಯಿಸಿದರು. 1933ರಲ್ಲಿ ಹೆಂಡತಿ, ಮೂವರು ಮಕ್ಕಳೊಡನೆ ತಾವೂ ಹೊರಟು ಪ್ಯಾಲಸ್ತೀನವನ್ನು ಸೇರಿದರು. ದೀಪದ ಕಂಬವೂ ಜೊತೆಗೆ ಹೋಯಿತು. ಅದೇ ಕಂಬವನ್ನು 2022ರಲ್ಲಿ ಅವರ ವಂಶಜರು ಜರ್ಮನಿಗೆ ತಂದಾಗ, ಬರ್ಲಿನ್ನಿನಲ್ಲಿ ಆ ದೇಶದ ರಾಷ್ಟ್ರಾಧ್ಯಕ್ಷರ ನಿವಾಸದಲ್ಲಿಯೇ ದೀಪ ಬೆಳಗಿತು.

ದ್ವೇಷವು ಜರ್ಮನಿಯೊಂದಿಗೆ ಮುಗಿಯಲಿಲ್ಲ. 1993ರ ಡಿಸೆಂಬರಿನಲ್ಲಿ ಅಮೆರಿಕದ ಬಿಲಿಂಗ್ಸ್ ಪಟ್ಟಣದಲ್ಲಿ ಹನುಕ್ಕಾ ದೀಪದ ಅಲಂಕಾರವಿದ್ದ ಬಾಲಕನೊಬ್ಬನ ಕೋಣೆಯ ಕಿಟಕಿಗೆ ಯಾರೋ ಕಲ್ಲೆಸೆದರು. ಅಲಂಕಾರವನ್ನು ತೆಗೆದಿಡುವುದು ಲೇಸೆಂಬ ಸಲಹೆ ಬಂದರೂ ಆತನ ತಾಯಿ ಒಪ್ಪಲಿಲ್ಲ. ಊರಿನ ಪತ್ರಿಕೆಯು ಪುಟದ ತುಂಬ ಹನುಕ್ಕಾ ದೀಪದ ಚಿತ್ರವನ್ನು ಅಚ್ಚುಮಾಡಿತು. ಸಾವಿರಾರು ಕ್ರೈಸ್ತ ಮನೆಗಳ ಕಿಟಕಿಗಳಲ್ಲಿ ಅದು ಕಾಣಿಸಿಕೊಂಡಿತು. ತಾಯಿಯೊಬ್ಬಳು ಹಿಂಜರಿದಿದ್ದರೆ ನೆರೆಯವರಿಗೆ ಈ ಸೌಹಾರ್ದವನ್ನು ತೋರುವ ಸಂದರ್ಭವೇ ಬರುತ್ತಿರಲಿಲ್ಲ ಎಂದು ನನಗೆ ತೋರುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ನಡೆದುದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ. 2018ರ ಅಕ್ಟೋಬರ್ 27, ಶನಿವಾರ; ಯೆಹೂದ್ಯರಿಗೆ ವಿಶ್ರಾಂತಿಯ, ಪ್ರಾರ್ಥನೆಯ ದಿನ. ಬಂದೂಕುಧಾರಿಯೊಬ್ಬನು ಪ್ರಾರ್ಥನಾ ಮಂದಿರಕ್ಕೆ ನುಗ್ಗಿ 11 ಜನರನ್ನು ಕೊಂದನು. ಮುಂದಿನ ಶನಿವಾರ ಹೆದರಿ ಮನೆಯಲ್ಲಿ ಉಳಿಯುವ ಬದಲು ಅಮೆರಿಕದ ಅನೇಕ ಊರುಗಳಲ್ಲಿ ಯೆಹೂದ್ಯರು ಎಂದಿಗಿಂತ ಹೆಚ್ಚಾಗಿ ಮಂದಿರಗಳಲ್ಲಿ ನೆರೆದರು. ಅನ್ಯಧರ್ಮೀಯರೂ ಅವರ ಪಕ್ಕದಲ್ಲಿ ಕುಳಿತರು.

ಪೊಲೀಸರ ಗುಂಡಿನಿಂದ ಗಾಯಗೊಂಡ ಆ ಹಂತಕನನ್ನು ಆಸ್ಪತ್ರೆಗೆ ತಂದಾಗಲೂ ಅವನು ಯೆಹೂದ್ಯರ ಸಾವನ್ನೇ ಬಯಸಿ ಕೂಗುತ್ತಿದ್ದನಂತೆ. ಅವನ ಶುಶ್ರೂಷೆಗೆ ನಿಂತವರಲ್ಲಿ ಯೆಹೂದ್ಯರೂ ಇದ್ದರು. ಒಬ್ಬನಂತೂ ರಬ್ಬಿಯ ಮಗ. ಆತನು ಉಳಿದ ರೋಗಿಗಳಿಗೆ ಮಾಡುವಂತೆಯೇ ಅವನ ಆರೈಕೆ ಮಾಡಿದನು. ತಾನು ಯಾರೆಂಬುದನ್ನು ಮಾತ್ರ ಕೊನೆಯವರೆಗೂ ಅವನಿಗೆ ಹೇಳಲಿಲ್ಲ.